ರಿವರ್ಸ್ ಸ್ವಿಚ್ಚು, ಒಂದು

ಹಳದಿ ಗಾಡಿ, ನೆಲ ನೆಕ್ಕುವಷ್ಟು ತಗ್ಗು.
ಕೋಲಾರದ ಟೊಮೆಟೊ ಮಂಡಿ ಎದುರಿನ ಉಬ್ಬು ದಾಟುವಾಗ
ಅದರ ಹೊಟ್ಟೆ ಕೆರೆದ ಸದ್ದು
ನನ್ನ ಅಂಗಡಿಯ ಒಳಗಿನವರೆಗೂ ಬಂತು.
ಇಳಿದವರು ತಮಕದ ಆಸ್ಪತ್ರೆಯ ಡಾಕ್ಟರು, ಸುಗುಣಾ ಮೇಡಂ.
ಆಪರೇಷನ್ನಿಗೆ ಮುಂಚೆ ಮತ್ತು ಕೊಡುವವರು.
(ನನ್ನ ಭಾವನ ಹರ್ನಿಯಾಕ್ಕೂ ಅವರೇ ಕೊಟ್ಟಿದ್ದರಂತೆ,
ಅವನಿಗೇನು ನೆನಪಿರುತ್ತದೆ.)

'ಅತಾವುಲ್ಲಾ ಅಂದ್ರೆ ನೀವೇನಾ?
ರಿವರ್ಸ್ ಹಾಕಿದ್ರೆ ಹಿಂದಿನ ದೀಪ ಬರ್ತಿಲ್ಲ.
ಬೆಂಗಳೂರಿನ ಷೋರೂಮಿನವರು ಗೇರ್‌ಬಾಕ್ಸೇ ಇಳಿಸಬೇಕು ಅಂತಾರೆ.
ಎಂಟು ದಿನ. ಅರವತ್ತು ಸಾವಿರ.'

ನಾನು ತಲೆ ಮೇಲಿನ ಬೋರ್ಡು ತೋರಿಸಿದೆ:
ಟೆಂಪೊ, ಪಿಕಪ್, ಟ್ರ್ಯಾಕ್ಟರ್ ವೈರಿಂಗ್ ಮಾತ್ರ.
'ಓದಿದೆ,' ಅಂದರು. ಹೋಗಲಿಲ್ಲ.

ಜಾಕು ಕೆಳಗೆ ತೂರಲಿಲ್ಲ.
ಎರಡು ಹಲಗೆ ಹಾಸಿ, ಗಾಲಿ ಹತ್ತಿಸಿ,
ಗೋಣಿ ಮೇಲೆ ಅಂಗಾತ ಜಾರಿದೆ.
ಮೂಗಿನಿಂದ ನಾಲ್ಕು ಬೆರಳು ದೂರದಲ್ಲಿ
ಅಷ್ಟು ದುಡ್ಡಿನ ಕಬ್ಬಿಣ.
ಅಲ್ಲೂ ಅದೇ ಧೂಳು, ಅದೇ ಕೆಂಪು ಮಣ್ಣು.
ಕೈಗೆ ಕಣ್ಣಿಲ್ಲದ ಜಾಗದಲ್ಲಿ ಬೆರಳು ಹೇಳಿತು: ಇಲ್ಲಿದೆ.

'ಚಾವಿ ತಿರುಗಿಸಿ ಹಿಂದೆ ಹೋಗಿ ನಿಲ್ಲಿ ಮೇಡಂ.'
ಪ್ಲಗ್ಗು ಕಳಚಿ ಎರಡು ಪಿನ್ನಿನ ನಡುವೆ
ಒಂದೆಳೆ ತಾಮ್ರ ಇಟ್ಟೆ.
'ಬಂತು! ಬಂತು!' ಅಂದರು.
ದಿನಕ್ಕೆ ಹತ್ತು ಜನರನ್ನು ಮಲಗಿಸಿ ಎಬ್ಬಿಸುವ ಹೆಂಗಸು
ಒಂದು ಬಲ್ಬಿಗೆ ಹಾಗೆ ಕೂಗಿದ್ದು
ಕೆಳಗೆ ಮಲಗಿದ್ದ ನನಗೆ ಖುಷಿಯಾಯಿತು.

ವೈರು ಸರಿ, ಬಲ್ಬು ಸರಿ.
ಹಿಂದಕ್ಕೆ ಹೊರಟಿದ್ದೇವೆ ಅಂತ
ಗೇರು ಹೇಳುತ್ತಿದೆ, ಕೇಳುವವನು ಸತ್ತಿದ್ದಾನೆ.

ಇಪ್ಪತ್ತೆರಡರ ಸ್ಪ್ಯಾನರು, ಅರ್ಧ ಸುತ್ತು, ಮತ್ತರ್ಧ.
ಸ್ವಿಚ್ಚಿನ ಹಿಂದೆಯೇ ಎಣ್ಣೆಯೂ ಬಂತು, ಬೆಚ್ಚಗೆ,
ಮೊಣಕೈವರೆಗೆ ಇಳಿಯಿತು.
ಹೆಬ್ಬೆರಳಿನಷ್ಟು ಹಿತ್ತಾಳೆ. ತುದಿಯಲ್ಲೊಂದು ಮೊಳೆ.
ಒತ್ತಿದರೆ ಒಳಗೆ ಹೋಗುತ್ತದೆ,
ಹೊರಗೆ ಬರುವುದು ಮರೆತಿದೆ.

ಬುಡನ್ ಸಾಬ್ ಇದ್ದಿದ್ದರೆ ನಗುತ್ತಿದ್ದರು.
ನನಗೆ ಟೆಸ್ಟ್ ಲ್ಯಾಂಪು ಹಿಡಿಯಲು ಕಲಿಸಿದವರು.
ಇದೇ ಮಂಡಿಯಲ್ಲಿ, ಹುಣಸೆ ಲಾರಿಯೊಂದು
ದೀಪವಿಲ್ಲದೆ ಹಿಂದೆ ಸರಿದ ರಾತ್ರಿ
ಎಡಗಾಲಿನ ಎರಡು ಬೆರಳು ಬಿಟ್ಟು ಬಂದವರು.
ಆಮೇಲೆ ಯಾವ ಗಾಡಿ ಬರಲಿ, ಏನೇ ಕೆಲಸವಿರಲಿ,
ಮೊದಲು ರಿವರ್ಸ್ ಹಾಕಿಸಿ ನೋಡುತ್ತಿದ್ದರು.
ಅದಕ್ಕೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ.

ಡ್ರಾಯರು ಎಳೆದೆ.
ಪಿಕಪ್ಪಿನ ಸ್ವಿಚ್ಚು, ಹಳೆಯದರ ಪಕ್ಕ ಇಟ್ಟು ನೋಡಿದೆ:
ಮರೆ ಅದೇ, ಉದ್ದ ಅದೇ, ಪ್ಲಗ್ಗೂ ಅದೇ.
ನಂಬದೆ ಕನ್ನಡಕ ಹಾಕಿ ಇನ್ನೊಮ್ಮೆ ನೋಡಿದೆ.
ತಾಮ್ರದ ವಾಷರು ಹೊಸದು ಹಾಕಿ
ಮೊದಲು ಬರೀ ಬೆರಳಲ್ಲಿ ತಿರುಗಿಸಿದೆ.
ಹತ್ತುವುದಿದ್ದರೆ ಬೆರಳಿಗೇ ಹತ್ತುತ್ತದೆ,
ಬಲ ಹಾಕಿದವನು ಅಲ್ಯೂಮಿನಿಯಂ ಕೆಡಿಸಿದ.

ಇಳಿದಿದ್ದಷ್ಟು ಎಣ್ಣೆ ತುಂಬಿ, ಕೈ ಒರೆಸಿಕೊಂಡೆ.
'ಇದು ಕಂಪನಿದಾ?'
ಹೇಳಲೋ ಬೇಡವೋ ಅಂತ ಒಂದು ಗಳಿಗೆ.
'ಟೊಮೆಟೊ ಗಾಡೀದು ಮೇಡಂ.'
ಸುಮ್ಮನಿದ್ದರು. ಆಮೇಲೆ,
'ನಾನೂ ಶ್ರೀನಿವಾಸಪುರದವಳೇ,' ಅಂದರು.
ಅದಕ್ಕೂ ಇದಕ್ಕೂ ಏನು ಸಂಬಂಧ ನಾನು ಕೇಳಲಿಲ್ಲ.

ಬಿಲ್ಲು ಬೇಕೆಂದರು. ಸಿಗರೇಟು ಪ್ಯಾಕಿನ ಹಿಂದೆ ಬರೆದೆ:
ರಿವರ್ಸ್ ಸ್ವಿಚ್ಚು, ಒಂದು. ಮುನ್ನೂರ ಐವತ್ತು.
ಮಜೂರಿ ಅಂತ ಬರೆಯಹೋಗಿ
ಏನು ಬರೆಯಬೇಕೋ ತಿಳಿಯದೆ ಬಿಟ್ಟೆ.
ಅವರೇ ತುಂಬಿ ಕೊಟ್ಟರು. ಹೆಚ್ಚೇ ಕೊಟ್ಟರು.

ಅಷ್ಟರಲ್ಲಿ ಕತ್ತಲು. ಮಂಡಿಗೆ ರಾತ್ರಿ ಗಾಡಿಗಳು ಶುರು.
ಹಳದಿ ಗಾಡಿ ಹಿಂದಕ್ಕೆ ಸರಿಯಿತು,
ಬಿಳಿ ಬೆಳಕು ಚೆಲ್ಲಿತು:
ಒಡೆದ ಕ್ರೇಟು, ಎಸೆದ ಹಣ್ಣಿನ ರಾಶಿ,
ಅದರಲ್ಲಿ ಮೂತಿ ಹುದುಗಿಸಿದ ಕರು
ತಲೆಯೆತ್ತಿ ನೋಡಿ, ಎರಡು ಹೆಜ್ಜೆ ಪಕ್ಕಕ್ಕೆ.
ಎದುರು ಕಟ್ಟೆಯಿಂದ ಹಮಾಲಿ ಗಂಗುಲಪ್ಪ
ಯಾವ ಗಾಡಿ ಅಂತಲೂ ನೋಡದೆ
ಬಾಯಿಗೆ ಬಂದ ಅಭ್ಯಾಸಕ್ಕೆ ಕೂಗುತ್ತಿದ್ದ,
'ರಾನೀ... ರಾನೀ... ರಾನೀ...'

ಹಳೆಯದು ಇನ್ನೂ ನನ್ನ ಜೇಬಲ್ಲಿದೆ.
ಆಗಾಗ ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ.